ತುಟಿಗೆ ಒಪ್ಪುವ ಮಾತು

ಕಿಯೋಜಾ,
೩ ಅಕ್ಟೋಬರ್ ೧೯೮೪

ಪ್ರೀತಿಯ ಡೋರಾ,

ಈಸ್ಟರಿಗೆ ಬಂದ ನಿನ್ನ ಕಾಗದಕ್ಕೆ ಚಳಿಗಾಲದ ಕೋಟು ಬಿಸಿಲಿಗೆ ಹಾಕುವ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕ್ಷಮಿಸು ಅಂದರೆ ಉಳಿದದ್ದನ್ನು ನೀನು ಓದುವವಳಲ್ಲ. ಹಾಗಾಗಿ ಕ್ಷಮೆಯನ್ನು ನಡುವೆ ಎಲ್ಲಾದರೂ ತುರುಕುತ್ತೇನೆ, ಹುಡುಕಿಕೋ. ಅಂಗಡಿ ಹೇಗಿದೆ? ನಮ್ಮಣ್ಣನ ಸಿನಿಮಾಗಳ ಫಿಲ್ಮು ಕತ್ತರಿಸುತ್ತಿದ್ದ ಕೈ ಈಗ ಟೂರಿನ್ನಿನ ಹೆಂಗಸರಿಗೆ ರಿಬ್ಬನ್ನು, ಲೇಸು ಕತ್ತರಿಸಿ ಕೊಡುತ್ತಿದೆ. ಸಿನಿಮಾದಿಂದ ನಮ್ಮಲ್ಲಿ ಯಾರಿಗೂ ಲೇಸಾಗಲಿಲ್ಲ. ನಿನಗೊಬ್ಬಳಿಗೆ ಆಯಿತು, ಅದೂ ಮೀಟರ್ ಲೆಕ್ಕದಲ್ಲಿ.

ನಾನು ಚೆನ್ನಾಗಿದ್ದೇನೆ. ಈ ವರ್ಷ ನನ್ನ ತರಗತಿಯ ಅರ್ಧ ಮಕ್ಕಳ ಮನೆಹೆಸರು ಟಿಯೋಟ್ಸೋ, ಇನ್ನರ್ಧದ್ದು ಬೋಸ್ಕೊಲೊ. ಹಾಜರಿ ಕರೆಯುವಾಗ ಮನೆತನದ ಅಡ್ಡಹೆಸರೇ ಗತಿ. 'ಸೀಗಡಿ' ಬಂದಿದ್ದಾನಾ, 'ಒದ್ದೆಚಡ್ಡಿ' ಬಂದಿದ್ದಾನಾ ಅಂತ ಟೀಚರಾದ ನಾನು ಗಂಭೀರವಾಗಿ ಕೇಳಬೇಕು. ನಮ್ಮ ಮನೆತನದ ಅಡ್ಡಹೆಸರು 'ಉಪ್ಪಿಲ್ಲದವರು' ಎಂದು ಮೊದಲ ಸಲ ಕೇಳಿದಾಗ ನೀನು ನಕ್ಕಿದ್ದು ನೆನಪಿದೆ. ಸಮುದ್ರದ ನಡುವೆ ಕೂತು ಉಪ್ಪಿಲ್ಲದವರಾಗಬೇಕಾದರೆ ಪೂರ್ವಜರು ಬಹಳ ಕಷ್ಟಪಟ್ಟಿರಬೇಕು ಅಂದಿದ್ದೆ ನೀನು.

ಅಮ್ಮನಿಗೆ ಎಪ್ಪತ್ತೆಂಟು. ಹೃದಯ ಹಳೇ ದೋಣಿಯ ಹಾಗೆ ಎಲ್ಲ ಕಡೆಯಿಂದ ನೀರು ಕುಡಿಯುತ್ತಿದೆ ಎಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿದರು. ಅವಳು ಮಾತ್ರ ಅಡುಗೆಮನೆಯ ದೀಪದ ಕೆಳಗೆ ಕುರ್ಚಿ ಹಾಕಿಕೊಂಡು, "ಸಿನಿಮಾ ನೋಡದೆ ನಾನು ಸಾಯಲ್ಲ. ಡಾಕ್ಟ್ರಿಗೆ ಹೇಳು, ಅವಸರ ಮಾಡ್ಬೇಡಿ ಅಂತ" ಅನ್ನುತ್ತಾಳೆ. ಇಡೀ ಓಣಿಗೆ ಕೇಳಿಸುವ ದನಿಯಲ್ಲಿ. ತನ್ನ ದನಿ ತನಗೇ ಕೇಳಿಸದೆ ಅವಳಿಗೆ ಐವತ್ತು ವರ್ಷವಾಯಿತಲ್ಲ.

ಯಾವ ಸಿನಿಮಾ ಎಂದು ಕೇಳುತ್ತೀಯ. ಡೋರಾ, ಈ ಕಾಗದ ತಡವಾಗಿದ್ದು ಅದರಿಂದಲೇ. ಬರೆಯಲು ಕೂತರೆ ಕೈ ಹಿಂದಕ್ಕೆ ಎಳೆಯುತ್ತಿತ್ತು.

ಕಳೆದ ವರ್ಷ ಫ್ಲಾರೆನ್ಸಿನಿಂದ ಲಾಪೋ ಅನ್ನುವ ಹುಡುಗ ಬಂದ. ಇಪ್ಪತ್ತೇಳರ ಪ್ರಾಯ, ಕೊರಳಿಗೆ ಹೀರೇಕಾಯಿಯಷ್ಟು ಉದ್ದದ ಮಫ್ಲರು. ನಮ್ಮಣ್ಣ ಇಲಾರಿಯೋನ ಸಿನಿಮಾಗಳಷ್ಟೇ ಅಲ್ಲ, ಕವಿತೆಗಳೂ ಅವನಿಗೆ ಬಾಯಿಪಾಠ. ಇಲಾರಿಯೋನ ಕೊನೆಯ ಸಂಜೆಯ ಮೇಲೆ ಒಂದು ಚಿಕ್ಕ ಕಲಾತ್ಮಕ ಚಿತ್ರ ಮಾಡುತ್ತೇನೆ, ಅಪ್ಪಣೆ ಕೊಡಿ ಅಂದ. ಮನೆಯಿಂದ ಹೊರಟದ್ದು, ಸೇತುವೆ ದಾಟಿದ್ದು, ಸೊತ್ತೊಮರೀನಾ ಕಡಲತೀರದ ಕಲ್ಲುಕಟ್ಟೆಯ ತುದಿಗೆ ನಡೆದದ್ದು, ಅಲ್ಲಿ ಒಬ್ಬನೇ ನಿಂತದ್ದು. ಅಷ್ಟೇ ಕಥೆ. ಮರುದಿನ ಬೆಳಿಗ್ಗೆ ನೀರಿನಲ್ಲಿ ಸಿಕ್ಕಿದ್ದನ್ನು ತೋರಿಸುವುದಿಲ್ಲವಂತೆ. "ಕಾಲು ಜಾರಿದ್ದೋ ಏನೋ ನಾನು ಹೇಳಲ್ಲ ಟೀಚರ್, ಆ ಪ್ರಶ್ನೆ ನೀರಿಗೇ ಬಿಡ್ತೀನಿ" ಅಂದ. ಹನ್ನೊಂದು ವರ್ಷದಿಂದ ಈ ಊರೂ ಆ ಪ್ರಶ್ನೆಯನ್ನು ನೀರಿಗೇ ಬಿಟ್ಟಿದೆ. ಹೊಸದೇನಲ್ಲ. ಹೆಸರಿಗೆ ತಕ್ಕಂತೆ ಲಾಪೋ ನಮ್ಮಣ್ಣನ ಸಾವನ್ನು ಲಪಟಾಯಿಸುತ್ತಿದ್ದಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಅಮ್ಮ ಅವನ ತುಟಿಯನ್ನೇ ನೋಡುತ್ತಿದ್ದವಳು ಒಂದೇ ಮಾತು ಕೇಳಿದಳು:

"ಕೊನೇಲಿ ಅವನು ಮಾತಾಡ್ತಾನಾ?"

"ಮಾತಾಡ್ತಾನೆ ಸಿನ್ಯೋರಾ. ಕಟ್ಟೆ ಮೇಲೆ ನಿಂತು ಏಳು ನಿಮಿಷ ಮಾತಾಡ್ತಾನೆ."

"ಬಾಯಿ ಕಾಣ್ಸುತ್ತಾ?"

"ಮುಖ ಬಿಟ್ಟು ಬೇರೇನೂ ಕಾಣ್ಸಲ್ಲ."

"ಹಾಗಾದ್ರೆ ಮಾಡು" ಅಂದಳು.

ಅಂದಿನಿಂದ ಅವಳು ಆ ಏಳು ನಿಮಿಷಕ್ಕಾಗಿ ಬದುಕಿದ್ದಾಳೆ. ಮಗ ಕೊನೆಗೆ ಏನಂದ ಎಂದು ಈ ಹುಡುಗನಿಗೆ ಹೇಗೋ ಗೊತ್ತಾಗಿದೆ, ಕವಿಗಳಿಗೆ ಕವಿಗಳು ಕನಸಿನಲ್ಲಿ ಹೇಳಿರಬಹುದು ಎಂದು ನಂಬಿದ್ದಾಳೆ.

ಕಳೆದ ವಾರ ಪಾದುವಾದಲ್ಲಿ ಲಾಪೋ ನನಗೊಬ್ಬಳಿಗೆ ಆ ರೀಲು ಹಾಕಿ ತೋರಿಸಿದ. ಮಾರ್ಚ್ ತಿಂಗಳ ಮಂಜು, ಬೂದುಬಣ್ಣದ ನೀರು, ನಮ್ಮಣ್ಣನನ್ನೇ ಹೋಲುವ ನಟ, ಒಬ್ಬ ದೊಡ್ಡ ರಂಗನಟನ ಗಂಭೀರ ದನಿಯಲ್ಲಿ ಅಣ್ಣನ ಕವಿತೆ. ಚೆನ್ನಾಗಿತ್ತು, ಡೋರಾ. ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಅಮ್ಮ ನೋಡುವ ಹಾಗೆ ಆ ನಟನ ತುಟಿ ನೋಡಿದೆ.

ಅವನು ಎಣಿಸುತ್ತಿದ್ದ.

ಒಂದು, ಎರಡು, ಮೂರು, ನಾಲ್ಕು. ಇಪ್ಪತ್ತರವರೆಗೆ ಹೋಗಿ ಮತ್ತೆ ಒಂದು. ಚಿತ್ರೀಕರಣದ ದಿನ ಯಾವ ಕವಿತೆ ಎಂದು ಲಾಪೋ ಇನ್ನೂ ಗೊತ್ತುಮಾಡಿರಲಿಲ್ಲವಂತೆ. ಅದಕ್ಕೇನು, ನಮ್ಮ ದೇಶದ ಪದ್ಧತಿ ಇದೆಯಲ್ಲ: ಮಾತು ಸಿಗದಿದ್ದರೆ ನಟ ಅಂಕಿ ಹೇಳಲಿ, ಬಾಯಿ ಆಡಿದರೆ ಸಾಕು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರ ದನಿಯಲ್ಲಿ ಅಂಟಿಸಿದರಾಯಿತು. ನಮ್ಮಣ್ಣನ ಬದುಕಿನ ಕೊನೆಯ ಅಂಕ ಬರೀ ಅಂಕಿ.

ನಿನಗೆ ಉಳಿದದ್ದು ಹೇಳಬೇಕಾಗಿಲ್ಲ. ಆದರೂ ಹೇಳಿಕೊಳ್ಳದೆ ನಿದ್ದೆ ಬರುವುದಿಲ್ಲ. ನಮ್ಮ ಚಿಕ್ಕಂದಿನಲ್ಲಿ ಭಾನುವಾರ ಪಾದ್ರಿಗಳ ಇಗರ್ಜಿ ಹಾಲ್‌ನಲ್ಲಿ ಸಿನಿಮಾ. ನಾಯಕ ನಾಯಕಿಯ ಕೈ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳುತ್ತಾನೆ, ಅಲ್ಲಿದ್ದ ಹೆಂಗಸರೆಲ್ಲ ಮೂಗೊರೆಸಿಕೊಳ್ಳುತ್ತಾರೆ. ನಮ್ಮಮ್ಮ ಒಬ್ಬಳೇ ಗಟ್ಟಿಯಾಗಿ ನಗುತ್ತಾಳೆ. "ಇಪ್ಪತ್ತೇಳು, ಇಪ್ಪತ್ತೆಂಟು ಅಂತಿದ್ದಾನೆ ಕಣ್ರೇ ಆ ಮುಠ್ಠಾಳ. ಅವಳು ಮೂವತ್ತು ಅಂತಾಳೆ." ಪಾದ್ರಿಗಳು ಎರಡು ಸಲ ನಮ್ಮನ್ನು ಹೊರಗೆ ಕಳಿಸಿದರು. ಇಲಾರಿಯೋ ಒಂಬತ್ತು ವರ್ಷದವನು ದಾರಿಯುದ್ದಕ್ಕೂ ಅವಳ ಶಾಲು ಎಳೆದು ಎಳೆದು, ನಿಲ್ಲಿಸಿ, ಮುಖ ತೋರಿಸಿ ಕೇಳಿದ: "ನಿಜವಾದ ಮಾತು ಏನಿತ್ತಮ್ಮ?" ಅವಳು, "ನನಗೆಲ್ಲಿಂದ ಗೊತ್ತು? ಅವನು ಹೇಳಿದ್ರೆ ತಾನೆ?" ಅಂದಳು.

ನಮ್ಮಣ್ಣ ನಿರ್ದೇಶಕನಾದದ್ದು ಆ ಸಂಜೆ. ತನ್ನ ಒಂದೇ ಒಂದು ಸಿನಿಮಾದಲ್ಲೂ ಯಾರಿಗೂ ಅಂಕಿ ಹೇಳಲು ಬಿಡಲಿಲ್ಲ. ಮೀನುಗಾರರು ಮಾತು ಮರೆತು ನಿಂತರೆ ದಿನವಿಡೀ ಕಾಯುತ್ತಿದ್ದ. ನಿರ್ಮಾಪಕರು ಕೂದಲು ಕಿತ್ತುಕೊಂಡರೆ, "ನಮ್ಮಮ್ಮ ನೋಡ್ತಾಳೆ" ಅನ್ನುತ್ತಿದ್ದ. ಆಡಿದ್ದೇ ಕೇಳಬೇಕು, ಕೇಳಿದ್ದೇ ಕಾಣಬೇಕು ಎಂದು ನಿನ್ನ ಪ್ರಾಣವನ್ನೂ ಹಿಂಡಿದ. ಈ ದೇಶದಲ್ಲಿ ಅಮ್ಮನಿಗೆ ಕೇಳಿಸಿದ ಸಿನಿಮಾಗಳು ಅವನವು ಮಾತ್ರ.

ಈಗ ಅವನ ಸಾವಿನ ಸಿನಿಮಾದಲ್ಲಿ ಅವನೇ ಅವಳ ಮುಂದೆ ನಿಂತು ಎಣಿಸುತ್ತಾನೆ. ಊರವರೆಲ್ಲ ಕವಿತೆ ಕೇಳಿ ಅಳುತ್ತಾರೆ. ಅವಳಿಗೆ ಮಾತ್ರ ಮಗ್ಗಿ. ನೋಡಿದ ಮೇಲೆ ಅವಳು ಬದುಕುವುದಿಲ್ಲ, ಡೋರಾ. ಪ್ರದರ್ಶನ ನವೆಂಬರ್ ೧೧ಕ್ಕೆ, ಸಂತ ಮಾರ್ತಿನನ ಹಬ್ಬದ ದಿನ, ಅದೇ ಪಾದ್ರಿಗಳ ಹಾಲ್‌ನಲ್ಲಿ. ನಾನೇನು ಮಾಡಲಿ? ಫಿಲ್ಮಿನ ವಿಚಾರ ಬಲ್ಲವಳು ನನ್ನ ಪಾಲಿಗೆ ನೀನೊಬ್ಬಳೇ.

ನಿನ್ನನ್ನು ಅತ್ತಿಗೆ ಎಂದು ಕರೆಯುವ ಆಸೆಯಿತ್ತು. ನೀವಿಬ್ಬರೂ ಅದನ್ನು ಎಡಿಟಿಂಗಿನಲ್ಲೇ ಕತ್ತರಿಸಿಬಿಟ್ಟಿರಿ.

ನಿನ್ನ,
ಜಿಸೆಲ್ಲಾ

ಕ್ಷಮೆ ಸಿಕ್ಕಿತೇ? ಸಿಗದಿದ್ದರೆ, ಇಲ್ಲಿದೆ: ಕ್ಷಮಿಸು.

*

ಕಿಯೋಜಾ,
೨೮ ಅಕ್ಟೋಬರ್ ೧೯೮೪

ಪ್ರೀತಿಯ ಡೋರಾ,

ನಿನ್ನ ಕಾರ್ಡು ಬಂತು. "ಆ ಶಾಟು ಕತ್ತರಿಸಲಿ, ಇಲ್ಲವೇ ಮಂಜು ತುಂಬಿಸಲಿ." ಇಷ್ಟೇ. ಹಿಂದೆ ನೀನು ಹೀಗೇ ಬರೆದರೆ ಅಣ್ಣ, "ಡೋರಾ ಕಾಗದವನ್ನೂ ಎಡಿಟ್ ಮಾಡ್ತಾಳೆ" ಅನ್ನುತ್ತಿದ್ದ. ಬೈಯುತ್ತಿಲ್ಲ. ಆ ಎರಡು ಸಾಲನ್ನು ಚೀಲದಲ್ಲಿ ಇಟ್ಟುಕೊಂಡೇ ಓಡಾಡಿದ್ದೇನೆ.

ಲಾಪೋನನ್ನು ಊಟಕ್ಕೆ ಕರೆದೆ. ಅಮ್ಮ ಬೇಯಿಸಿದ ಪುಟ್ಟ ಆಕ್ಟೋಪಸ್ಸು, ಜೋಳದ ಹಿಟ್ಟಿನ ಮುದ್ದೆ. ಹುಡುಗ ಮಫ್ಲರು ಬಿಚ್ಚದೆಯೇ ಮೂರು ಸಲ ಬಡಿಸಿಕೊಂಡ. ಅಮ್ಮ ತಟ್ಟೆ ತೊಳೆಯಲು ಬೆನ್ನು ತಿರುಗಿಸಿದ ಕೂಡಲೇ ನಾನು ಶುರುಮಾಡಿದೆ. ನಮ್ಮ ಮನೆಯಲ್ಲಿ ಗುಟ್ಟು ಹೇಳಲು ಪಿಸುಗುಟ್ಟಬೇಕಾಗಿಲ್ಲ. ಬೆನ್ನಿಗೆ ಕಾದರೆ ಸಾಕು.

"ಲಾಪೋ, ಅಮ್ಮ ತುಟಿ ಓದ್ತಾಳೆ."

"ಗೊತ್ತು ಟೀಚರ್. ಅದ್ಭುತ."

"ನಿನ್ನ ನಟ ಎಣಿಸ್ತಿದ್ದಾನೆ."

ಅವನು ಚಮಚ ಕೆಳಗಿಟ್ಟ. ಆ ವಿಷಯ ಅವನಿಗೆ ಹೊಳೆದೇ ಇರಲಿಲ್ಲ. ಕಿವುಡಿಯ ಮನೆಯಲ್ಲಿ ವರ್ಷವಿಡೀ ಓಡಾಡಿ, ಅವಳ ಜೊತೆ ಮುಖ ಕೊಟ್ಟು ಮಾತಾಡಿ, ಆದರೂ ಹೊಳೆದಿರಲಿಲ್ಲ. ತುಟಿಯನ್ನು ಯಾರೂ ನೋಡುವುದಿಲ್ಲ ಎನ್ನುವುದು ನಮ್ಮ ಸಿನಿಮಾದವರಿಗೆ ಮೊಲೆಹಾಲಿನ ಜೊತೆ ಬಂದ ನಂಬಿಕೆ.

"ಆ ಶಾಟು ತೆಗೀಬಹುದಾ?"

"ಆ ಶಾಟೇ ಸಿನಿಮಾ ಟೀಚರ್. ತೆಗೆದ್ರೆ ಉಳಿಯೋದು ಒಬ್ಬ ಮನುಷ್ಯ ಸೇತುವೆ ದಾಟಿದ ಅಂತ. ಅಷ್ಟಕ್ಕೆ ಸಿನಿಮಾ ಯಾಕೆ, ದಿನಾ ಎಲ್ಲರೂ ದಾಟ್ತಾರೆ."

"ಮಂಜು ತುಂಬಿಸಿದ್ರೆ?"

"ಇನ್ನೆಷ್ಟು ಮಂಜು? ಈಗ್ಲೇ ನಮ್ಮಪ್ಪ ನೋಡಿ, ಪ್ರೊಜೆಕ್ಟರ್ ಒರೆಸು ಅಂದ್ರು."

"ಮತ್ತೆ ಶೂಟ್ ಮಾಡು. ನಿಜವಾದ ಮಾತು ಹೇಳಿಸು."

"ನಟ ಟೀವಿ ಧಾರಾವಾಹಿಗೆ ಹೋಗಿ ದಪ್ಪಗಾಗಿದ್ದಾನೆ. ಈಗವನು ಕಟ್ಟೆ ಮೇಲೆ ನಿಂತ್ರೆ ಕವಿ ಅನ್ನಲ್ಲ, ಕಸಾಯಿ ಅಂತಾರೆ." ಆಮೇಲೆ ತಲೆ ತಗ್ಗಿಸಿ ಅಂದ, "ನಾನು ಕೆಟ್ಟವನಲ್ಲ ಟೀಚರ್. ನನಗೆ ಗೊತ್ತಿದ್ದಿದ್ರೆ ಹೇಳಿಸ್ತಿದ್ದೆ. ಅವರು ಕೊನೇಲಿ ಏನಂದ್ರು ಅಂತ ಯಾರಿಗೆ ಗೊತ್ತು, ಹೇಳಿ? ಯಾವ ಕವಿತೆ ಹಾಕಿದ್ರೂ ಸುಳ್ಳು ಅನ್ನಿಸ್ತಿತ್ತು. ಅದಕ್ಕೇ ಎಣಿಸು ಅಂದೆ."

ಅಷ್ಟರಲ್ಲಿ ಅಮ್ಮ ತಿರುಗಿದಳು. ನಾವಿಬ್ಬರೂ ಬಾಯಿ ಮುಚ್ಚಿದೆವು. ಅವಳು ಕೈ ಒರೆಸಿಕೊಂಡು ನಮ್ಮಿಬ್ಬರ ಮುಖ ನೋಡಿ, "ಏನು, ಇಬ್ರೂ ಮೀನು ಕದ್ದ ಬೆಕ್ಕಿನ ಹಾಗೆ ಕೂತಿದ್ದೀರಲ್ಲ" ಅಂದಳು. ಲಾಪೋನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿಕೊಂಡಳು. ನಮ್ಮ ಮನೆಯ ರೀತಿ ನಿನಗೆ ಗೊತ್ತಲ್ಲ: ಅವಳಿಗೆ ಏನು ಹೇಳುವುದಿದ್ದರೂ ದೀಪದ ಕೆಳಗೆ ಬಂದು ಹೇಳಬೇಕು. ನಾವು ಬಯ್ಗುಳ ತಿಂದದ್ದು, ಪರೀಕ್ಷೆಯಲ್ಲಿ ಫೇಲಾದದ್ದನ್ನು ಒಪ್ಪಿಸಿದ್ದು, ನಾನು ಮದುವೆಯಾಗುವುದಿಲ್ಲ ಅಂದದ್ದು, ಎಲ್ಲ ಆ ತಾಮ್ರದ ಬುಡ್ಡಿಯಾಕಾರದ ದೀಪದ ಕೆಳಗೆ.

"ಹೇಳು ಮಗ. ಅವನ ಮಾತು ಸ್ಪಷ್ಟವಾಗಿ ಕಾಣ್ಸುತ್ತೆ ತಾನೆ? ಮೀಸೆಗೀಸೆ ಅಡ್ಡ ಬರಲ್ವಲ್ಲ?"

"ಬರಲ್ಲ ಸಿನ್ಯೋರಾ" ಅಂದ. ಅವಳು ಗಲ್ಲ ಬಿಟ್ಟ ಕೂಡಲೇ ಮಫ್ಲರನ್ನು ಬಾಯಿಯವರೆಗೆ ಎಳೆದುಕೊಂಡ.

ಅವನು ಹೋದ ಮೇಲೆ ನಾನೊಂದು ಸುಳ್ಳು ಹೇಳಿದೆ. ದೀಪದ ಕೆಳಗೆ ನಿಂತು, "ಅಮ್ಮ, ರೀಲು ಕೆಟ್ಟುಹೋಗಿದೆಯಂತೆ. ಪ್ರದರ್ಶನ ಇಲ್ಲವಂತೆ" ಅಂದೆ.

ಅವಳು ನನ್ನ ತುಟಿ ನೋಡಿದಳು. "ಸುಳ್ಳು ಹೇಳುವಾಗ ನಿನ್ನ ಮೇಲ್ದುಟಿ ಹಲ್ಲಿಗೆ ಅಂಟುತ್ತೆ. ಚಿಕ್ಕೋಳಾಗಿದ್ದಾಗಿಂದ" ಅಂದಳು. "ಯಾಕೆ ನನ್ನ ತಡೀತಿದ್ದೀಯ ಜಿಸೆಲ್ಲಾ? ಅದರಲ್ಲಿ ಅವನು ನನ್ನ ಬಯ್ತಾನಾ?"

"ಇಲ್ಲಮ್ಮ."

"ಬಯ್ದರೂ ಪರವಾಗಿಲ್ಲ. ಏನೋ ಒಂದು ಅಂದ್ರೆ ಸಾಕು."

ಏನೋ ಒಂದು ಅಂದರೆ ಸಾಕು. ಡೋರಾ, ನಾನು ಮಕ್ಕಳಿಗೆ ವಾಕ್ಯರಚನೆ ಕಲಿಸುವವಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇರುವ ಎಷ್ಟೋ ವಾಕ್ಯಗಳನ್ನು ತಿದ್ದಿದ್ದೇನೆ. ಇದರಲ್ಲಿ ತಿದ್ದುವುದೇನೂ ಇಲ್ಲ. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಲ್ಲಿ ಯಾಕೆ ಬಿಟ್ಟೆನೋ, ಅವಳಿಗೆ ಕೇಳಿಸುತ್ತಿತ್ತೇ?

ಪಾದ್ರಿ ಡಾನ್ ಎಜಿದಿಯೋ ಹತ್ತಿರ ಹೋಗಿ ಪ್ರದರ್ಶನಕ್ಕೆ ಹಾಲ್ ಕೊಡಬೇಡಿ ಎಂದು ಬೇಡಿಕೊಂಡೆ. "ಜಿಸೆಲ್ಲಾ, ನಿಮ್ಮಣ್ಣ ದೇವರನ್ನ ನಂಬದೇ ಹೋದ್ರೂ ಅವನಿಗೆ ಇಗರ್ಜಿ ಮಣ್ಣು ಕೊಟ್ಟಿದ್ದೀನಿ. ಈಗ ಸಿನಿಮಾ ಹಾಕೋಕೆ ಗೋಡೆ ಕೊಡಲ್ಲ ಅಂದ್ರೆ ಚೆನ್ನಾಗಿರುತ್ತಾ?" ಅಂದರು. ಒಳ್ಳೆಯವರಿಂದ ಬರುವ ಕಷ್ಟಕ್ಕೆ ಮದ್ದಿಲ್ಲ.

ನೀನು ಬರಬಹುದೇ? ರೀಲು ಇರುವ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತು. ಕತ್ತರಿ ನಿನ್ನ ಹತ್ತಿರ ಇದೆ. ತಮಾಷೆಗೆ ಬರೆಯುತ್ತಿಲ್ಲ.

ಜಿಸೆಲ್ಲಾ

*

ಕಿಯೋಜಾ,
೧೩ ನವೆಂಬರ್ ೧೯೮೪

ಪ್ರೀತಿಯ ಡೋರಾ,

ನೀನು ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತೋ ಏನೋ, ನನಗೀಗ ಯಾವುದೂ ಗೊತ್ತಾಗುತ್ತಿಲ್ಲ. ಕೋಪವಿಲ್ಲ. ಹನ್ನೊಂದು ವರ್ಷದಿಂದ ನೀನು ಈ ಊರಿನ ಸೇತುವೆ ದಾಟಿಲ್ಲ, ಯಾಕೆಂದು ನಾನು ಕೇಳಿಯೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಅಮ್ಮನ ಕನ್ನಡಕ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟೆ. ನಲವತ್ತೊಂಬತ್ತು ವರ್ಷದ, ಪದವಿ ಪಡೆದ, ಸರ್ಕಾರದಿಂದ ಮಕ್ಕಳಿಗೆ ನೀತಿ ಹೇಳಲು ನೇಮಕವಾದ ಹೆಂಗಸು. ಮನೆಯೆಲ್ಲ ಹುಡುಕಿದಳು. ಹಾಸಿಗೆ ಕೊಡವಿದಳು. ನಾನೂ ಜೊತೆಗೆ ಹುಡುಕಿದೆ, ಮಂಚದ ಕೆಳಗೆಲ್ಲ ತೂರಿ. ಕೊನೆಗೆ ಸುಮ್ಮನೆ ಕಪ್ಪು ಲಂಗ ಉಟ್ಟು, ಕಪ್ಪು ಶಾಲು ಹೊದ್ದು ಪಕ್ಕದ ಮನೆಗೆ ಹೋದಳು. ಝಾಯ್ರಾ ಗೊತ್ತಲ್ಲ, ಸಾರ್ಡೀನ್ ಮಾರುತ್ತಿದ್ದವಳು, ಈಗ ಮೂರು ಜನ ಗಂಡಂದಿರನ್ನು ಮಣ್ಣು ಮಾಡಿ ಆರಾಮಾಗಿದ್ದಾಳೆ. ಅಮ್ಮ ಅವಳ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಬಂದು ನನ್ನ ಮುಖ ನೋಡಿ, "ಅಯ್ಯೋ, ಇದರಲ್ಲಿ ನನ್ನದಕ್ಕಿಂತ ಚೆನ್ನಾಗಿ ಕಾಣ್ಸುತ್ತೆ. ನಿನಗೆ ಇಷ್ಟು ವಯಸ್ಸಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲ" ಅಂದಳು.

ಹಾಲ್‌ಗೆ ನಡೆದೆವು. ಸಂತ ಮಾರ್ತಿನನ ಹಬ್ಬ. ಮಕ್ಕಳು ಪಾತ್ರೆ, ಮುಚ್ಚಳ ಬಡಿಯುತ್ತ ಓಣಿ ಓಣಿ ಸುತ್ತುತ್ತಿದ್ದರು. ಬೇಕರಿಯ ಗಾಜಿನೊಳಗೆ ಕುದುರೆಸವಾರನ ಬಿಸ್ಕತ್ತು. ಅಮ್ಮ ಆ ಗಲಾಟೆಯ ನಡುವೆ ಮಂಜಿನಲ್ಲಿ ತೇಲುವ ದೋಣಿಯ ಹಾಗೆ ಶಾಂತವಾಗಿ ನಡೆದಳು. ಎದುರಾದವರಿಗೆಲ್ಲ, "ನನ್ನ ಮಗನ ಮಾತು ಕೇಳೋಕೆ ಹೋಗ್ತಿದ್ದೀನಿ" ಅಂದಳು. ನಾನು ಅವಳ ತೋಳು ಹಿಡಿದಿದ್ದೆ. ಬೀಳದಿರಲೆಂದು ಅಲ್ಲ, ಓಡಿಸಿಕೊಂಡು ಹೋಗಿಬಿಡೋಣ ಅನ್ನಿಸುತ್ತಿತ್ತು.

ಮೊದಲ ಸಾಲಿನ ನಡುವಿನ ಕುರ್ಚಿ. ಹಿಂದೆ ನಮ್ಮನ್ನು ಎಬ್ಬಿಸಿ ಕಳಿಸಿದ್ದೂ ಅದೇ ಸಾಲಿನಿಂದ. ಹಾಲ್ ತುಂಬಿತ್ತು. ಸೀಗಡಿಗಳು, ಒದ್ದೆಚಡ್ಡಿಗಳು, ಎಲ್ಲ ಮನೆತನದವರೂ. ಲಾಪೋ ಬಾಗಿಲ ಬಳಿ ಮಫ್ಲರಿನ ತುದಿ ಕಡಿಯುತ್ತ ನಿಂತಿದ್ದ.

ಸೇತುವೆ ಬಂತು. ಮೀನು ಮಾರುಕಟ್ಟೆ ಬಂತು. ಕಟ್ಟೆ ಬಂತು. ಆಮೇಲೆ ಆ ಮುಖ, ಗೋಡೆಯುದ್ದಕ್ಕೂ. ಕವಿತೆ ಶುರುವಾಯಿತು. ನಾನು ತೆರೆ ನೋಡಲಿಲ್ಲ, ಅಮ್ಮನನ್ನು ನೋಡಿದೆ.

ಮೊದಲು ಅವಳ ಹುಬ್ಬು ಗಂಟಿಕ್ಕಿತು. ಕನ್ನಡಕ ಸರಿಮಾಡಿಕೊಂಡಳು. ಬಾಗಿದಳು. ನಗುತ್ತಾಳೆ, ಚಿಕ್ಕಂದಿನ ಹಾಗೆ ಗಟ್ಟಿಯಾಗಿ ನಕ್ಕುಬಿಡುತ್ತಾಳೆ, ಹಾಗಾದರೂ ಆಗಲಿ ಎಂದು ನಾನು ದೇವರನ್ನು ಬೇಡಿದೆ. ನಗಲಿಲ್ಲ. ಕೈ ನನ್ನ ಮಣಿಕಟ್ಟು ಹಿಡಿಯಿತು. ಇಂದಿಗೂ ಅಲ್ಲಿ ನೀಲಿ ಇದೆ. ಆಮೇಲೆ ಅವಳ ತುಟಿಯೂ ಆಡತೊಡಗಿತು. ತೆರೆಯ ಮೇಲಿನವನ ಜೊತೆಗೆ, ಅವನ ಲಯಕ್ಕೇ. ಹಿಂದಿನ ಸಾಲಿನಲ್ಲಿ ಝಾಯ್ರಾ, "ಪಾಪ, ಜಪ ಮಾಡ್ತಿದ್ದಾಳೆ" ಅಂದು ತಾನೂ ಶಿಲುಬೆ ಗುರುತು ಹಾಕಿಕೊಂಡಳು. ಜಪವಲ್ಲ. ಎಣಿಕೆ. ಊರೆಲ್ಲ ಬಿಕ್ಕುತ್ತಿತ್ತು. ಅಮ್ಮನೂ ಆ ನಟನೂ ಇಬ್ಬರೇ ಇಡೀ ಜಗತ್ತಿನಲ್ಲಿ ಕೂತು ಎಣಿಸುತ್ತಿದ್ದರು.

ಕವಿತೆ ಮುಗಿಯಿತು. ನಟನ ಬಾಯಿ ನಿಂತಿತು. ತೆರೆ ಬೆಳ್ಳಗಾಯಿತು. ಆಗ ಅಮ್ಮನ ದನಿ, ತನಗೆ ಕೇಳಿಸದ ಆ ದೊಡ್ಡ ದನಿ:

"ಹತ್ತೊಂಬತ್ತು. ಆಮೇಲೆ?"

ಯಾರಿಗೂ ಅರ್ಥವಾಗಲಿಲ್ಲ. ದೀಪ ಹಾಕಿದರು. ಅವಳು ಎದ್ದು ನಿಂತು ಸುತ್ತ ನೋಡಿದಳು. "ಎಲ್ಲಿ ಆ ಹುಡುಗ? ಬಾ ಇಲ್ಲಿ." ಲಾಪೋ ಬಂದು ಅವಳ ಮುಂದೆ ಮೊಣಕಾಲೂರಿದ. ಅವಳು ಅವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಆಮೇಲೆ ಏನು? ಹೇಳು."

"ಆಮೇಲೆ ಏನೂ ಇಲ್ಲ ಸಿನ್ಯೋರಾ. ಕ್ಷಮಿಸಿ. ಅದು ಸುಮ್ನೆ ಎಣಿಕೆ. ಮಾತು ಆಮೇಲೆ ಹಾಕಿದ್ದು."

"ಏನು ಮಾತು ಹಾಕ್ದೆ?"

"ಅವರದೇ ಕವಿತೆ."

"ಯಾವುದು?"

ಹೇಳಿದ. ಅವಳು ಅವನ ಬಾಯನ್ನೇ ನೋಡುತ್ತ ಕೇಳಿದಳು, ಕೊನೆಯ ಸಾಲಿನವರೆಗೂ. ಆಮೇಲೆ ತಲೆ ಅಲ್ಲಾಡಿಸಿದಳು. ಬಟ್ಟೆ ಅಂಗಡಿಯಲ್ಲಿ ಬಣ್ಣ ಹೊಂದದಿದ್ದರೆ ಅಲ್ಲಾಡಿಸುತ್ತಾಳಲ್ಲ, ಹಾಗೆ.

"ಅದಲ್ಲ. ಅದು ಒಪ್ಪಲ್ಲ. ಹಾಗಾದ್ರೆ ನಿನಗೂ ಗೊತ್ತಿಲ್ಲ" ಅಂದು ಗಲ್ಲ ಬಿಟ್ಟಳು.

ಅಂದಿನಿಂದ ಅವಳು ಊಟ ಮುಟ್ಟಿಲ್ಲ. ದೀಪದ ಕೆಳಗೆ ಕೂತಿದ್ದಾಳೆ. ನಾನು ಎದುರಿಗೆ ನಿಂತು ಏನಾದರೂ ಹೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಿವುಡರಿಗೆ ಅದೊಂದು ಸೌಕರ್ಯವಿದೆ ನೋಡು, ರೆಪ್ಪೆ ಮುಚ್ಚಿದರೆ ಮನೆ ಬಾಗಿಲು ಹಾಕಿದ ಹಾಗೆ. ಡಾಕ್ಟರು ಬಂದು ನಾಡಿ ಹಿಡಿದು, "ಕರೀಬೇಕಾದವರನ್ನ ಕರ್ಸಿ" ಅಂದರು. ಯಾರನ್ನು ಕರೆಯಲಿ? ನಾನು ಇಲ್ಲೇ ಇದ್ದೇನೆ. ಇನ್ನೊಬ್ಬನನ್ನು ಕರೆದಾಯಿತು, ಅವನು ಎಣಿಸಿ ಹೋದ.

ಲಾಪೋ ಆ ರೀಲು ಸುಟ್ಟುಬಿಡುತ್ತೇನೆ ಎಂದು ಅತ್ತ. ಬೇಡ ಅಂದೆ. ಹುಡುಗ ಕೆಟ್ಟವನಲ್ಲ. ಅವಮಾನದಿಂದ ಅಮ್ಮ ಹೀಗಾದಳು, ಊರ ಮುಂದೆ ಮಗನ ಸಾವು ಹಾಸ್ಯವಾಯಿತೆಂದು ನೊಂದಳು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ನಿನಗೆ ಒಳ್ಳೆಯದಾಗಲಿ ಡೋರಾ. ಅಂಗಡಿಯ ತುಂಬ ಗಿರಾಕಿಗಳಿರಲಿ, ಕತ್ತರಿ ಮೊಂಡಾಗದಿರಲಿ, ಟೂರಿನ್ನಿನ ಚಳಿ ನಿನ್ನ ಮೂಳೆಗೆ ಇಳಿಯದಿರಲಿ. ನಮ್ಮ ಮನೆಯಿಂದ ನಿನಗೆ ಸಂದದ್ದು ಕಡಿಮೆ, ಹಾರೈಕೆಯಾದರೂ ಪೂರ್ತಿ ಸಲ್ಲಲಿ.

ನಿನ್ನ,
ಜಿಸೆಲ್ಲಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಬೆಳಿಗ್ಗೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಕನ್ನಡಕ ಹಿಟ್ಟಿನಿಂದ ತೆಗೆದು ತೊಳೆದು ಅಮ್ಮನ ಮೂಗಿಗೆ ಏರಿಸಿ, "ನಾನೇ ಬಚ್ಚಿಟ್ಟಿದ್ದೆ, ಎಣಿಸೋದನ್ನ ನೀನು ನೋಡಬಾರದು ಅಂತ" ಅಂದೆ. ಅವಳು ಈ ಸಲ ಕಣ್ಣು ಮುಚ್ಚಲಿಲ್ಲ. ಹೇಳಿದಳು.

ಆ ಕೊನೆಯ ಸಂಜೆ ನಾನು ಶಾಲೆಯ ಸಭೆಯಲ್ಲಿದ್ದೆ. ಇಲಾರಿಯೋ ಕೋಟು ತೊಟ್ಟು ಹೊರಟವನು ಬಾಗಿಲಿಂದ ತಿರುಗಿ ಬಂದನಂತೆ. ತಾನಾಗಿಯೇ ದೀಪದ ಕೆಳಗೆ ನಿಂತನಂತೆ. ಅವಳು ಬಲೆ ಹೊಲಿಯುವುದನ್ನು ನಿಲ್ಲಿಸಿ ಮುಖ ಎತ್ತಿದಳಂತೆ. ಅವನು ಎಣಿಸಿದನಂತೆ. ಒಂದು, ಎರಡು, ಮೂರು, ನಿಧಾನವಾಗಿ, ಅವಳ ಕಣ್ಣನ್ನೇ ನೋಡುತ್ತ. ಯಾರಿಗೂ ಅಂಕಿ ಹೇಳಲು ಬಿಡದವನು.

"ನಾನು ನಕ್ಕುಬಿಟ್ಟೆ ಜಿಸೆಲ್ಲಾ. ಹಳೇ ತಮಾಷೆ ಅಂದ್ಕೊಂಡೆ. ಯಾವ ಹುಡುಗಿಗೆ ಹೇಳೋ ಮಾತೋ ಇದು ಅಂದೆ. ಅವನೂ ನಕ್ಕ. ನನ್ನ ಹಣೆಗೆ ಮುತ್ತಿಟ್ಟು ಹೋದ. ಹನ್ನೊಂದು ವರ್ಷದಿಂದ ಅದಕ್ಕೆ ಮಾತು ಜೋಡಿಸ್ತಾ ಇದ್ದೀನಿ. ಯಾವುದೂ ಒಪ್ಪಲ್ಲ. ಅಮ್ಮ ಅಂದಿರ್ಲಿಕ್ಕೂ ಇಲ್ಲ, ಅದಕ್ಕೆ ತುಟಿ ಮುಚ್ಚಬೇಕು. ನಮ್ಮ ಇಟಾಲಿಯನ್ ಅಂಕಿಗೆ, ಊನೋ ದೂಎ ತ್ರೆ ಅನ್ನೋಕೆ, ತುಟಿ ಮುಚ್ಚೋದೇ ಬೇಡ, ಅವನ ತುಟಿ ಒಂದು ಸಲಾನೂ ಮುಚ್ಚಲಿಲ್ಲ. ತೆರೆ ಮೇಲೂ ಅವನು ಎಣಿಸಿದ್ದು ನೋಡಿ, ಈ ಹುಡುಗನಿಗೆ ಗೊತ್ತಿದೆ ಅಂದ್ಕೊಂಡೆ. ಆಮೇಲಿನ ಮಾತೂ ಹೇಳ್ತಾನೆ ಅಂತ ಕಾದೆ."

ಡೋರಾ, ಅವನ ನಟರ ಬಾಯಿಗೆ ಅವನ ಮಾತು ಕೂಡಿಸಿದವಳು ನೀನು. ತೆರೆದ ಬಾಯಿಗೆ ಏನು ಒಪ್ಪುತ್ತದೆ, ಯಾವ ಮಾತು ತುಟಿಗೆ ತುಟಿ ಮುಟ್ಟಿಸದೆ ಸಾಗುತ್ತದೆ ಎಂದು ನಿನಗೆ ಗೊತ್ತು. ಅವನು ಏನು ಹೇಳಬೇಕೆಂದಿದ್ದ ಎಂದು ಗೊತ್ತಿದ್ದರೆ ಅದನ್ನೇ ಹೇಳು. ಗೊತ್ತಿಲ್ಲದಿದ್ದರೆ ಸುಳ್ಳು ಹೇಳು, ನಿನ್ನ ಮೇಲ್ದುಟಿ ಅಂಟುವುದಿಲ್ಲ. ಬರೆದು ಕಳಿಸಬೇಡ, ಕಾಗದಕ್ಕೆ ತುಟಿ ಇಲ್ಲ. ರೈಲು ಹಿಡಿದು ಬಾ. ಸೇತುವೆ ದಾಟು. ದೀಪ ಆರಿಸದೆ ಇಟ್ಟಿದ್ದೇನೆ, ಅದರ ಕೆಳಗೆ ನಿಂತು ನಿಧಾನವಾಗಿ ಹೇಳು.